ಹಳೇ ಸೇತುವೆಯನ್ನೇ ತೂಕದ ಕಾಟಾ ಮಾಡುವುದು ಹೇಗೆ?

2018ರಲ್ಲಿ ಕೇಂದ್ರ ಸರ್ಕಾರ ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್‌ನಿಂದ 18.5ಕ್ಕೆ, ಮೂರು ಅಚ್ಚಿನದನ್ನು 25ರಿಂದ 28.5ಕ್ಕೆ ಏರಿಸಿತು. ಲಾರಿಗಳು ದೊಡ್ಡವಾದವು, ಸೇತುವೆಗಳು ಮಾತ್ರ ಹಳೆಯವೇ. ಬೆಣ್ಣಿಹಳ್ಳ, ವರದಾ, ಮಲಪ್ರಭಾ ಹೊಳೆಗಳನ್ನು ದಾಟಿಸುವ ಹಳೇ ಸೇತುವೆಗಳ ಮೇಲೆ ದಿನಕ್ಕೆ ಎಷ್ಟು ಭಾರ ಹಾಯುತ್ತದೆ ಎಂದು ತಿಳಿಯಲು ಲಾರಿ ನಿಲ್ಲಿಸಬೇಕಿಲ್ಲ, ಡಾಂಬರು ಅಗೆಯಬೇಕಿಲ್ಲ. ತೊಲೆ ಎಷ್ಟು ಬಾಗಿತೆಂದು ಕೆಳಗಿನಿಂದ ಅಳೆದರೆ ತೂಕ ಸಿಗುತ್ತದೆ. ಅಮೆರಿಕದ ಎಂಜಿನಿಯರ್ ಫ್ರೆಡ್ ಮೋಸೆಸ್ 1979ರಲ್ಲಿ ಮುಂದಿಟ್ಟ ವಿಧಾನ ಇದು.

ಯಾವ ಅಂಕಣ?

ಅಂಕಣ ಎಂದರೆ ಸೇತುವೆಯ ಎರಡು ಆಸರೆಗಳ ನಡುವಿನ ಭಾಗ. 10ರಿಂದ 15 ಮೀಟರ್ ಉದ್ದದ, ಎರಡೂ ತುದಿ ಬಿಡಿಯಾಗಿ ಕೂತಿರುವ ಅಂಕಣ ಒಳ್ಳೆಯದು. ಉದ್ದ ಹೆಚ್ಚಿದಷ್ಟೂ ಒಂದೇ ಹೊತ್ತಿಗೆ ಎರಡು ಲಾರಿ ಮೇಲಿರುವ ಸಂದರ್ಭ ಹೆಚ್ಚುತ್ತದೆ, ಲೆಕ್ಕ ಕಲಸಿಹೋಗುತ್ತದೆ. ಏಣಿ ಹಾಕುವ ಮೊದಲು ಸೇತುವೆಯ ಅಡಿ ಹೆಜ್ಜೇನು ಕಟ್ಟಿದೆಯೇ ನೋಡಿ. ಇದು ತಮಾಷೆಯಲ್ಲ.

ಇನ್ನೊಂದನ್ನೂ ಈಗಲೇ ನೋಡಬೇಕು. ನವಲಗುಂದ, ರೋಣದ ಕಡೆಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸೇತುವೆಗೆ ಸೇರುವ ರಸ್ತೆ ಕುಸಿದು ಜಾಯಿಂಟಿನ ಬಳಿ ಮೆಟ್ಟಿಲಾಗಿದ್ದರೆ ಲಾರಿ ಅಲ್ಲಿ ಜಿಗಿದು ಬಂದು ಬೀಳುತ್ತದೆ. ಆಗ ನೀವು ಅಳೆಯುವುದು ತೂಕವನ್ನಲ್ಲ, ನೆಗೆತವನ್ನು. ಎಷ್ಟು ದುಬಾರಿ ಸೆನ್ಸರ್ ಹಾಕಿದರೂ ಇದು ಸರಿಹೋಗದು. ಮೊದಲು ಆ ಮೆಟ್ಟಿಲನ್ನು ಸಮ ಮಾಡಿಸಿ.

ಜೋಡಣೆ

ನಾಲ್ಕು ತೊಲೆಯ ಸೇತುವೆಗೆ ಎಂಟು ಸೆನ್ಸರ್ ಸಾಕು. ಪ್ರತಿ ತೊಲೆಯ ನಡುಮಧ್ಯದ ತಳಕ್ಕೆ ಒಂದೊಂದು ಸ್ಟ್ರೇನ್ ಸೆನ್ಸರ್; ತೊಲೆ ಬಾಗಿದಾಗ ಅದರ ತಳ ಎಷ್ಟು ಹಿಗ್ಗಿತು ಎಂದು ಅಳೆಯುವುದು ಇದೇ. ಸ್ಲ್ಯಾಬಿನ ಅಡಿಗೆ, ಪ್ರತಿ ಪಥದಲ್ಲಿ 4 ಮೀಟರ್ ಅಂತರಕ್ಕೆ ಎರಡರಂತೆ ಅಚ್ಚು ಗುರುತಿಸುವ ನಾಲ್ಕು. ಗಂಟೆಗೆ 60 ಕಿ.ಮೀ. ವೇಗದ ಲಾರಿ ಆ 4 ಮೀಟರನ್ನು 0.24 ಸೆಕೆಂಡಿನಲ್ಲಿ ದಾಟುತ್ತದೆ. ಹೀಗಾಗಿ ಪ್ರತಿ ಸೆನ್ಸರ್‌ನಿಂದ ಸೆಕೆಂಡಿಗೆ 500 ಸಲವಾದರೂ ಓದಬೇಕು.

ಉಕ್ಕಿನ ಮೇಲೆ ಅಂಟಿಸುವ 5 ಮಿ.ಮೀ. ಗೇಜ್ (ಹಿಗ್ಗುವಿಕೆ ಅಳೆಯುವ ಪಟ್ಟಿ) ಕಾಂಕ್ರೀಟಿಗೆ ನಡೆಯದು. ಅದರ ಕೆಳಗೆ 20 ಮಿ.ಮೀ. ಜಲ್ಲಿಕಲ್ಲೊಂದೇ ಇದ್ದರೆ ಅದು ಕಲ್ಲಿನ ಕಥೆಯನ್ನಷ್ಟೇ ಹೇಳುತ್ತದೆ. 60ರಿಂದ 90 ಮಿ.ಮೀ. ಉದ್ದದ ಗೇಜ್, ಇಲ್ಲವೇ ಬೋಲ್ಟಿನಿಂದ ಕೂರಿಸುವ ಇನ್ನೂ ಉದ್ದದ ಸೆನ್ಸರ್ ಬೇಕು. ರಂಧ್ರ ಕೊರೆಯುವ ಮೊದಲು ಸರಳು ಪತ್ತೆಯ ಉಪಕರಣದಿಂದ ಕಂಬಿ ಎಲ್ಲಿದೆ ನೋಡಿಕೊಳ್ಳಿ. ಗಾರೆಯ ಮೇಲ್ಪದರ ಉಜ್ಜಿ ತೆಗೆದು, ಒಣಗಿಸಿ, ಆಮೇಲೆ ಎಪಾಕ್ಸಿ ಹಚ್ಚಿ. ಬಿರುಕನ್ನು ದಾಟಿಸಿ ಕೂರಿಸಬೇಡಿ. ಲಾರಿ ಬಂದಾಗ ಬಿರುಕು ಬಾಯಿ ಬಿಡುತ್ತದೆ, ಅಂಕಿ ಸುಳ್ಳೇ ಏರುತ್ತದೆ.

ಸೆನ್ಸರ್‌ಗಳ ಅಂಕಿ ಬರೆದುಕೊಳ್ಳುವ ಯಂತ್ರಕ್ಕೆ 20 ವ್ಯಾಟ್ ಬೇಕೆಂದರೆ ದಿನಕ್ಕೆ 480 ವ್ಯಾಟ್ ಗಂಟೆ. 200 ವ್ಯಾಟಿನ ಸೌರ ಫಲಕ, 12 ವೋಲ್ಟಿನ 150 ಎಎಚ್ ಬ್ಯಾಟರಿ ಇಡಿ, ಬೀಗದ ಪೆಟ್ಟಿಗೆಯಲ್ಲಿ. ದಾಟುವ ವಾಹನಗಳ ಚಿತ್ರ ತೆಗೆಯಲು ಕ್ಯಾಮೆರಾವೂ ಬೇಕು. ಅದರ ಕಂಬವನ್ನು ಎರೆಮಣ್ಣಿನಲ್ಲಿ ನೆಟ್ಟರೆ ಒಂದೇ ಮಳೆಗಾಲಕ್ಕೆ ವಾಲುತ್ತದೆ. ಸೇತುವೆಯ ಅಂಚುಗೋಡೆಗೇ ಬಿಗಿಯಿರಿ.

ಬಿಸಿಲಿನ ಆಟ

ಮೀಟರಿಗೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಹಿಗ್ಗಿದರೆ ಒಂದು ಮೈಕ್ರೊಸ್ಟ್ರೇನ್. ತುಂಬಿದ ಲಾರಿ ತೊಲೆಯಲ್ಲಿ ಮೂಡಿಸುವುದು ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟು ಮೈಕ್ರೊಸ್ಟ್ರೇನ್ ಮಾತ್ರ. ಅದೇ ಕಾಂಕ್ರೀಟ್ 10 ಡಿಗ್ರಿ ಕಾದರೆ ಸುಮಾರು 100ರಷ್ಟು ಹಿಗ್ಗುತ್ತದೆ! ಏಪ್ರಿಲ್ ಬಿಸಿಲು ಲಾರಿಗಿಂತ ಭಾರ ಅನ್ನಿ. ಆದರೆ ಬಿಸಿಲು ಏರಲು ಗಂಟೆಗಳು ಬೇಕು, ಲಾರಿ ಎರಡು-ಮೂರು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಪ್ರತಿ ವಾಹನ ಬರುವ ಮುಂಚಿನ ಕ್ಷಣದ ಅಂಕಿಯನ್ನೇ ಸೊನ್ನೆ ಎಂದು ಹಿಡಿದರೆ ಈ ತೊಂದರೆ ಬಹುಪಾಲು ಕಳೆಯುತ್ತದೆ.

ಒರೆ ಹಚ್ಚುವುದು

ಎರಡು ಅಚ್ಚಿನದೊಂದು, ಬಹು ಅಚ್ಚಿನದೊಂದು ಲಾರಿ ಹಿಡಿಯಿರಿ. ಮುದ್ರೆಯಿರುವ ಕಾಟಾದಲ್ಲಿ ಪ್ರತಿ ಅಚ್ಚನ್ನೂ ಬೇರೆ ಬೇರೆ ತೂಗಿಸಿ. ಬೇರೆ ವಾಹನ ಇಲ್ಲದ ಹೊತ್ತು ನೋಡಿ ಪ್ರತಿ ಪಥದಲ್ಲಿ ಹತ್ತು ಸಲ, ಮೂರು ವೇಗದಲ್ಲಿ ಓಡಿಸಿ. ಒಂದು ಟನ್ ಭಾರ ಅಂಕಣದ ಯಾವ ಜಾಗದಲ್ಲಿದ್ದಾಗ ತೊಲೆ ಎಷ್ಟು ಹಿಗ್ಗುತ್ತದೆ ಎಂಬ ರೇಖೆ ಇದರಿಂದ ಸಿಗುತ್ತದೆ. ಮುಂದಿನ ಎಲ್ಲ ತೂಕವೂ ಅದರ ಮೇಲೇ ನಿಂತಿದೆ. ಪುಸ್ತಕದ ಸೂತ್ರದ ರೇಖೆ ಹಾಕಬೇಡಿ, ತೊಲೆಯ ತುದಿ ಕೂರುವ ಹಳೇ ಬೇರಿಂಗ್ ತುಕ್ಕು ಹಿಡಿದು ಬಿಗಿದಿದ್ದರೆ ಸೇತುವೆ ಸೂತ್ರದಂತೆ ನಡೆಯುವುದಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪರೀಕ್ಷೆ ನಡೆಸಿ.

ಎಲ್ಲ ಸರಿಯಿದ್ದರೆ ಒಟ್ಟು ತೂಕ ಶೇ 10ರ ಆಚೀಚೆ ಸಿಗುತ್ತದೆ, ಬಿಡಿ ಅಚ್ಚಿನದು ಇನ್ನೂ ಒರಟು. ಇಷ್ಟರ ಮೇಲೆ ದಂಡ ಹಾಕಲು ಹೋಗಬೇಡಿ. ಅನುಮಾನ ಬಂದ ಲಾರಿಯನ್ನು ಮೋಟಾರು ವಾಹನ ಕಾಯ್ದೆಯ 114ನೇ ಕಲಮಿನಡಿ ಅಧಿಕಾರಿ ಕಾಟಾಕ್ಕೆ ಕಳಿಸಿದರಾಯಿತು. ನಿಮ್ಮ ಅಂಕಿ ಬೇಕಾದದ್ದು ಯಾವ ಹೊತ್ತಿನಲ್ಲಿ ತಪಾಸಣೆ ನಡೆಸಬೇಕು, ಸೇತುವೆಗೆ ಎಷ್ಟು ಟನ್ನಿನ ಫಲಕ ಹಾಕಬೇಕು ಎಂದು ನಿರ್ಧರಿಸಲು.

ಕಬ್ಬಿನ ಹಂಗಾಮಿನಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಎರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ನಿಧಾನ, ಅಚ್ಚುಗಳ ನಡುವಿನ ಅಂತರ ದೊಡ್ಡದು. ತಂತ್ರಾಂಶ ಒಂದೇ ಗಾಡಿಯನ್ನು ಮೂರು ಸಣ್ಣ ವಾಹನ ಎಂದು ಬರೆದುಕೊಳ್ಳುತ್ತದೆ, ಭಾರ ಹಂಚಿಹೋಗಿ ಯಾರೂ ಮಿತಿ ಮೀರಿಲ್ಲ ಎಂಬ ವರದಿ ಬರುತ್ತದೆ. ಮೊದಲ ವಾರ ಕ್ಯಾಮೆರಾ ಚಿತ್ರ ಎದುರಿಗಿಟ್ಟುಕೊಂಡು ನೂರು ಟ್ರ್ಯಾಕ್ಟರನ್ನು ಕೈಯಿಂದಲೇ ತಾಳೆ ನೋಡಿ, ಅಚ್ಚುಗಳ ನಡುವೆ ಎಷ್ಟು ಅಂತರವಿದ್ದರೆ ಬೇರೆ ವಾಹನ ಎಂದು ಎಣಿಸಬೇಕೆಂಬ ತಂತ್ರಾಂಶದ ನಿಯಮವನ್ನು ತಿದ್ದಿ. ರಸ್ತೆಗೆ ಹೊಸ ಡಾಂಬರು ಬಿದ್ದರೆ ಅದೇ ವಾರ ಲಾರಿ ತಂದು ಮತ್ತೆ ಒರೆ ಹಚ್ಚಬೇಕು.