ಮರದ ಬೇಲಿಯ ಖರ್ಚನ್ನು ಅಳೆಯುವ ಬಗೆ

ಚಿಕ್ಕಬಳ್ಳಾಪುರದ ಸುತ್ತಮುತ್ತ ನಿವೇಶನವನ್ನೋ ತುಂಡು ಜಮೀನನ್ನೋ ಕೊಂಡವರು ಮರದ ಬೇಲಿಯ ಮಾತೆತ್ತಿದೊಡನೆ ಕೆಲಸದವರು ಹೇಳುವುದು ‘ಅಡಿಗೆ ಇಷ್ಟು’ ಎಂಬ ಒಂದೇ ಅಂಕಿ. ಕಂಬದ ದಪ್ಪ, ಗುಂಡಿಯ ಆಳ, ಪಟ್ಟಿಗಳ ನಡುವಿನ ಸಂದು, ಸಾಗಣೆ, ಬಣ್ಣ, ಗೇಟು ಇವುಗಳಲ್ಲಿ ಯಾವುದು ಅದರಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂಬುದು ಗೊತ್ತಾಗದ ಕಾರಣ, ಇಬ್ಬರು ಹೇಳಿದ ದರಗಳಲ್ಲಿ ಕಡಿಮೆಯದನ್ನು ಒಪ್ಪಿಕೊಂಡ ಮಾತ್ರಕ್ಕೆ ಹಣ ಉಳಿಯಿತು ಎನ್ನಲಾಗದು. ದರ ಕೇಳುವ ಮೊದಲೇ ಎಷ್ಟು ಉದ್ದ, ಎಷ್ಟು ಮರ, ಎಷ್ಟು ಗುಂಡಿ ಎಂಬ ಲೆಕ್ಕ ನಮ್ಮ ಕೈಯಲ್ಲಿರಬೇಕು.

ಉದ್ದವನ್ನು ಪಹಣಿಯ ವಿಸ್ತೀರ್ಣದಿಂದ ಊಹಿಸಬಾರದು. 43,560 ಚದರ ಅಡಿಯ ಒಂದು ಎಕರೆ ಚೌಕವಾಗಿದ್ದರೆ ಅದರ ಸುತ್ತಳತೆ ಸುಮಾರು 835 ಅಡಿ. ಅದೇ ಎಕರೆ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯಾಗಿದ್ದರೆ 1,452 ಅಡಿ. ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಬಂದ ಜಮೀನುಗಳು ಹೆಚ್ಚಾಗಿ ಈ ಎರಡನೆಯ ಬಗೆಯವು. ಗಡಿಯ ಬಗ್ಗೆ ಪಕ್ಕದವರಿಗೆ ಕಿಂಚಿತ್ತು ಅನುಮಾನವಿದ್ದರೂ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸರ್ವೆಯವರು ಅಳೆದು ಗುರುತು ಹಾಕಿದ ಮೇಲೆಯೇ ಗುಂಡಿ ತೋಡಿಸುವುದು ಲೇಸು. ನೆಟ್ಟ ಬೇಲಿಯನ್ನು ಕಿತ್ತು ಹಿಂದಕ್ಕೆ ಹಾಕುವ ಕೂಲಿ ಯಾರ ಅಂದಾಜು ಪಟ್ಟಿಯಲ್ಲಿಯೂ ಇರುವುದಿಲ್ಲ.

ಮರದ ಲೆಕ್ಕಕ್ಕೆ 30×40 ನಿವೇಶನವನ್ನೇ ತೆಗೆದುಕೊಳ್ಳೋಣ. ಸುತ್ತಳತೆ 140 ಅಡಿ. ಮುಂಭಾಗದ ಮೂಲೆಯಲ್ಲಿ 12 ಅಡಿ ಗೇಟಿಗೆ ಬಿಟ್ಟರೆ ಬೇಲಿ 128 ಅಡಿ. ಪ್ರತಿ ಮೂಲೆಗೂ ಒಂದು ಕಂಬ ಬರುವಂತೆ, ಎರಡು ಕಂಬಗಳ ನಡುವೆ 8 ಅಡಿಗಿಂತ ಹೆಚ್ಚು ಬಿಡದಂತೆ ಹಂಚಿದರೆ ಗೇಟಿನ ಕಂಬಗಳೂ ಸೇರಿ 18 ಕಂಬ ಬೇಕು. ನೆಲದಿಂದ 4 ಅಡಿ ಎತ್ತರದ ಬೇಲಿಗೆ 2 ಅಡಿ ಹೂಳುವ ಭಾಗವೂ ಸೇರಿ 6 ಅಡಿಯ, 4 ಇಂಚು ಚೌಕದ ಕಂಬವೆಂದರೆ, ಸಾಮಿಲ್ಲಿನವರು ಸಿಎಫ್‌ಟಿ ಎನ್ನುವ ಘನ ಅಡಿಯಲ್ಲಿ ಒಟ್ಟು 12. ಮೇಲೊಂದು ಕೆಳಗೊಂದು ಅಡ್ಡಪಟ್ಟಿ, 3×2 ಇಂಚಿನವು, 256 ಅಡಿ ಉದ್ದಕ್ಕೆ ಸುಮಾರು 10.7 ಘನ ಅಡಿ. 4 ಇಂಚು ಅಗಲ, 1 ಇಂಚು ದಪ್ಪದ ನೇರ ಪಟ್ಟಿಗಳನ್ನು 2 ಇಂಚು ಸಂದು ಬಿಟ್ಟು ಹೊಡೆದರೆ ಅಡಿಗೆ ಎರಡರಂತೆ 256 ಪಟ್ಟಿ, ಅಂದರೆ 28.4 ಘನ ಅಡಿ. ಎಲ್ಲ ಸೇರಿ 51. ಕೊಯ್ತ, ಸೀಳು, ಗಂಟುಗಳಿಗೆಂದು ನೂರಕ್ಕೆ ಹತ್ತು ಸೇರಿಸಿದರೆ 56 ಘನ ಅಡಿ. ಅರ್ಧಕ್ಕಿಂತ ಹೆಚ್ಚು ಮರ ನೇರ ಪಟ್ಟಿಗಳಿಗೇ ಹೋಗುತ್ತದೆ ಎಂಬುದನ್ನು ಗಮನಿಸಿ. ಸಂದನ್ನು 2 ಇಂಚಿನಿಂದ 4 ಇಂಚಿಗೆ ಏರಿಸಿದರೆ ಪಟ್ಟಿಗಳ ಸಂಖ್ಯೆ 256ರಿಂದ 192ಕ್ಕೆ ಇಳಿಯುತ್ತದೆ. ಕೋಳಿ, ನಾಯಿಮರಿಗಳನ್ನು ತಡೆಯಬೇಕಾಗಿಲ್ಲದಿದ್ದರೆ ಉಳಿತಾಯಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈ 56ನ್ನು ಸಾಮಿಲ್ಲಿನ ದರದಿಂದ ಗುಣಿಸಿದರೆ ಮರದ ಬೆಲೆ ಸಿಗುತ್ತದೆ. ಆದರೆ ಬೆಲೆ ಕಟ್ಟುವುದು ಕೊಯ್ದ ಅಳತೆಗೆ. ಉಜ್ಜುಗೊರಡು ಹಿಡಿದ ಮೇಲೆ 1 ಇಂಚಿನ ಪಟ್ಟಿ ಮುಕ್ಕಾಲು ಇಂಚಿನ ಹತ್ತಿರಕ್ಕೆ ಬಂದಿರುತ್ತದೆ. ಯಾವ ಅಳತೆಗೆ ದರ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಜಮೀನಿನ ಬದುವಿನಲ್ಲಿ ಸ್ವಂತ ನೀಲಗಿರಿ, ಸರ್ವೆ ಅಥವಾ ಸಿಲ್ವರ್ ಓಕ್ ಇದ್ದವರಿಗೆ ಮರ ಪುಕ್ಕಟೆ ಎಂದು ತೋರಬಹುದು; 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯು ಇವುಗಳ ಕಡಿತಕ್ಕೆ ಅನುಮತಿಯಿಂದ ವಿನಾಯಿತಿಯನ್ನೂ ಕೊಟ್ಟಿದೆ. ಆದರೂ ಕಡಿಯುವ, ಸಾಗಿಸುವ, ಸಿಪ್ಪೆ ಸುಲಿಯುವ, ಕೊಯ್ಯಿಸುವ ಕೂಲಿಗಳನ್ನೆಲ್ಲ ಕೂಡಿಸಿಯೇ ಕೊಂಡ ಮರದೊಡನೆ ಹೋಲಿಸಬೇಕು. ಹಸಿ ಮರವನ್ನು ಒಣಗಿಸದೆ ಹೊಡೆದರೆ ಪಟ್ಟಿ ತಿರುಚಿಕೊಂಡು ಮೊಳೆ ಕಿತ್ತುಬರುತ್ತದೆ.

ಕಟ್ಟಡ ಮುಗಿದ ಮೇಲೆ ಸೆಂಟ್ರಿಂಗಿನವರು ಮಾರುವ ಹಳೆಯ ಬೊಡ್ಡೆಗಳು ಅಗ್ಗವಾಗಿ ಸಿಗುತ್ತವೆ. ಅವುಗಳನ್ನು ಒಂದೊಂದಾಗಿ ನೋಡಿಯೇ ಆರಿಸಬೇಕು. ಉಳಿದ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿದಾಗ ಒಳಗೆ ಒಣಮಣ್ಣಿನ ಸಣ್ಣ ಗೆರೆಗಳು ಕಂಡರೆ, ಸುತ್ತಿಗೆಯ ಹಿಂಬದಿಯಿಂದ ತಟ್ಟಿದಾಗ ಠಣ್ಣೆನ್ನದೆ ಬೊದ್ದೆಂದರೆ, ಗೆದ್ದಲು ಆಗಲೇ ಒಳಹೊಕ್ಕಿದೆ ಎಂದರ್ಥ. ತುದಿಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಚಿಂತೆಯಿಲ್ಲ. ಬೆರಳುಗುರು ಇಳಿಯುವಷ್ಟು ಸೀಳಿದ್ದರೆ ಆ ಬೊಡ್ಡೆ ಒಲೆಗೆ ಸರಿ.

ಗುಂಡಿಯ ಕೂಲಿ ನೆಲವನ್ನು ಅವಲಂಬಿಸಿದೆ. ನಮ್ಮ ಕೆಮ್ಮಣ್ಣು ಬೇಸಿಗೆಯಲ್ಲಿ ಹಾರೆಗೆ ಜಗ್ಗುವುದಿಲ್ಲ, ಒಂದೆರಡು ಹದಮಳೆ ಬಿದ್ದ ಮೇಲೆ ಅದೇ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನಂದಿಬೆಟ್ಟದ ತಪ್ಪಲಿನಂಥ ಕಡೆಗಳಲ್ಲಿ ಒಂದಡಿ ಇಳಿಯುವಷ್ಟರಲ್ಲಿ ಬಂಡೆ ತಗಲಬಹುದಾದ್ದರಿಂದ, ಬಂಡೆ ಬಂದರೆ ಗುಂಡಿಗೆ ಎಷ್ಟು ಹೆಚ್ಚು ಎಂಬುದನ್ನು ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳದಿದ್ದರೆ ಆಮೇಲೆ ಹೇಳಿದ್ದೇ ಬೆಲೆ. ಒಂದಡಿ ಚೌಕ, ಎರಡಡಿ ಆಳದ ಗುಂಡಿಗೆ ಸಿಮೆಂಟು, ಮರಳು, ಜಲ್ಲಿ 1:4:8ರ ಪ್ರಮಾಣದಲ್ಲಿರುವ ಕಾಂಕ್ರೀಟ್ ತುಂಬಿದರೆ ಒಂದು ಮೂಟೆ ಸಿಮೆಂಟು ಐದಾರು ಗುಂಡಿಗೆ ಬರುತ್ತದೆ. ಹದಿನೆಂಟು ಗುಂಡಿಗೆ ಹತ್ತು ಮೂಟೆ ಬರೆದವರನ್ನು ಉಳಿದದ್ದು ಎಲ್ಲಿಗೆ ಎಂದು ಕೇಳಬಹುದು.

ಮರದ ಕಂಬ ಕೊಳೆಯುವುದು ನೆಲಮಟ್ಟದಲ್ಲಿ, ತೇವವೂ ಗಾಳಿಯೂ ಸೇರುವ ಅರ್ಧ ಅಡಿಯಲ್ಲಿ. ಹೂಳುವ ಭಾಗಕ್ಕೆ ಮತ್ತು ಅದರ ಮೇಲಿನ ಅರ್ಧ ಅಡಿಗೆ ಡಾಂಬರು ಬಳಿಯುವುದು, ಗುಂಡಿಯ ತಳಕ್ಕೆ ಜಲ್ಲಿ ಹಾಕುವುದು, ಕಾಂಕ್ರೀಟಿನ ಮೇಲ್ಮೈಯನ್ನು ಹೊರಗೆ ಇಳಿಜಾರು ಮಾಡುವುದು, ಸತುವು ಲೇಪಿಸಿದ ಜಿಐ ಮೊಳೆ ಬಳಸುವುದು, ನೇರ ಪಟ್ಟಿಗಳ ಬುಡವನ್ನು ನೆಲದಿಂದ ಎರಡು ಇಂಚು ಮೇಲೆ ನಿಲ್ಲಿಸುವುದು, ಇವಕ್ಕೆ ತಗಲುವ ಹಣ ಅಲ್ಪವಾದರೂ ದರ ಇಳಿಸಿದವರು ಮೊದಲು ಬಿಡುವುದು ಇವನ್ನೇ. ಆದ್ದರಿಂದ ದರವನ್ನು ಬಾಳಿಕೆಯಿಂದ ಭಾಗಿಸಿ ನೋಡಬೇಕು. ಲೆಕ್ಕ ತಿಳಿಯಲೆಂದು ಹೇಳುವುದಾದರೆ, ಅಡಿಗೆ 300 ರೂಪಾಯಿಯ ಬೇಲಿ ಐದು ವರ್ಷ ನಿಂತರೆ ವರ್ಷಕ್ಕೆ 60, 400 ರೂಪಾಯಿಯದು ಹತ್ತು ವರ್ಷ ನಿಂತರೆ 40.

ಕಲ್ಲುಕೂಚ, ಅಂದರೆ ಕಲ್ಲಿನ ಕಂಬ, ಸಿಗುವ ಸೀಮೆಯಲ್ಲಿ ಮರವನ್ನೇ ನೆಲಕ್ಕೆ ಹೂಳಬೇಕೆಂದಿಲ್ಲ. ದ್ರಾಕ್ಷಿ ಚಪ್ಪರಗಳನ್ನು ಹೊತ್ತು ನಿಂತಿರುವ ಕೂಚಗಳಿಗೆ ಕೊಳೆಯೂ ಇಲ್ಲ, ಗೆದ್ದಲೂ ಇಲ್ಲ. ಕೂಚಕ್ಕೆ ತೂತು ಕೊರೆಸಿ ಬೋಲ್ಟಿನಿಂದ ಅಡ್ಡಪಟ್ಟಿ ಬಿಗಿದರೆ ಬೇಲಿ ಮರದ್ದಾಗಿಯೇ ಕಾಣುತ್ತದೆ; ಮುಂದೆ ಬದಲಾಯಿಸಬೇಕಾಗುವುದು ಪಟ್ಟಿ ಮಾತ್ರ. ಎರಡೂ ಬಗೆಗೆ ಬೇರೆ ಬೇರೆ ಅಂದಾಜು ಕೇಳುವುದು ಒಳ್ಳೆಯದು. ನನ್ನ ಒಲವು ಕೂಚದ ಕಡೆಗೇ.

ಗೇಟು, ಸಾಗಣೆ, ಬಣ್ಣದ ಕೈಗಳ ಸಂಖ್ಯೆ, ಜಿಎಸ್‌ಟಿ ಒಳಗೋ ಹೊರಗೋ ಎಂಬುದು, ಉಳಿದ ಮರ ಯಾರದು ಎಂಬುದು, ಇಷ್ಟನ್ನೂ ಬರೆಸಿಕೊಂಡ ಮೇಲೆ ಮುಂಗಡದ ಮಾತು. ನೂರಕ್ಕೆ ಹತ್ತರಷ್ಟನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಹಿಡಿದಿಡುವುದಾಗಿ ಆಗಲೇ ಒಪ್ಪಿಸಿಕೊಳ್ಳಬೇಕು. ಗುಂಡಿಯ ಮಣ್ಣು ಕುಸಿದು ಕಂಬ ವಾಲುವುದಿದ್ದರೆ ಅದು ಆ ಮಳೆಯಲ್ಲಿ ಗೊತ್ತಾಗುತ್ತದೆ, ಬಾಕಿ ಹಣವಿದ್ದರೆ ಕೆಲಸದವರು ಬಂದು ನೆಟ್ಟಗೆ ನಿಲ್ಲಿಸಿಕೊಟ್ಟು ಹೋಗುತ್ತಾರೆ.