ಬೌನ್ಸರ್ ಬಂತೋ, ಬಂದರೋ?

ನಾನು ಪತ್ರಿಕೆಯ ಡೆಸ್ಕಿನಲ್ಲಿ ವರದಿ ತಿದ್ದುವವಳು. ಕಳೆದ ವಾರ ಹೊಸ ಹುಡುಗನ ವರದಿಯಲ್ಲಿ ಹೀಗಿತ್ತು: ‘ಪಬ್ ಬಾಗಿಲಲ್ಲಿ ಎರಡು ಬೌನ್ಸರ್ ನಿಂತಿದ್ದವು.’ ಓದಿ ಬೇಜಾರಾಯಿತು. ನಮ್ಮ ಬೀದಿಯ ಹುಡುಗನೊಬ್ಬ ಪಬ್ಬಿನಲ್ಲಿ ಬೌನ್ಸರ್, ಅಂದರೆ ಬಾಗಿಲು ಕಾಯುತ್ತಾ ಗಲಾಟೆ ಮಾಡುವವರನ್ನು ಹೊರಗೆ ಕಳಿಸುವ ಕಾವಲುಗಾರ. ಯಾರಿಗೂ ಎಚ್ಚರವಾಗಬಾರದೆಂದು ನಡುರಾತ್ರಿ ಗೇಟನ್ನು ಮೆಲ್ಲಗೆ ಎತ್ತಿ ತೆಗೆಯುತ್ತಾನೆ. ಅವನನ್ನು ಕ್ರಿಕೆಟ್ಟಿನ ಬೌನ್ಸರ್ ಚೆಂಡಿನ ಹಾಗೆ ಎಣಿಸುವುದು ಸರಿಯಲ್ಲ, ಅಲ್ವಾ? ‘ಇಬ್ಬರು ಬೌನ್ಸರ್‌ಗಳು ನಿಂತಿದ್ದರು’ ಎಂದು ತಿದ್ದಿದೆ.

ಪದ ಇಂಗ್ಲಿಷಿನದೇ ಆದರೂ ಮನುಷ್ಯನೋ ಚೆಂಡೋ ಎಂಬುದನ್ನು ಕನ್ನಡವೇ ಹೇಳುತ್ತದೆ. ಚೆಂಡಾದರೆ ಎರಡು, ಬಂತು, ಬಂದವು. ಮನುಷ್ಯರಾದರೆ ಇಬ್ಬರು, ಬಂದರು. ಮೊದಲು ಇಷ್ಟು ನೋಡಿಕೊಳ್ಳಿ.

ಕ್ರಿಕೆಟ್ಟಿನಲ್ಲಿ, ಪಿಚ್ಚಿನ ನಡುವೆ ಬಿದ್ದು ಬ್ಯಾಟರ್‌ನ ಭುಜ, ತಲೆಯ ಎತ್ತರಕ್ಕೆ ಪುಟಿಯುವ ಎಸೆತ ಬೌನ್ಸರ್. ನೆಲಕ್ಕೆ ಬೀಳದೆ ಸೊಂಟದ ಮೇಲೆ ನೇರವಾಗಿ ಬಂದರೆ ಅದು ಬೀಮರ್, ನೋಬಾಲ್. ಇವೆರಡನ್ನು ಬೆರೆಸುವವರು ಜಾಸ್ತಿ. ಟೆಸ್ಟಿನಲ್ಲಿ ಓವರಿಗೆ ಎರಡು ಬೌನ್ಸರ್‌ಗೆ ಮಾತ್ರ ಅವಕಾಶ. ಬೌಲರ್ ಬೌನ್ಸರ್ ಹಾಕುತ್ತಾನೆ ಅಥವಾ ಎಸೆಯುತ್ತಾನೆ. ಬ್ಯಾಟರ್ ಬಗ್ಗುತ್ತಾನೆ, ಇಲ್ಲವೇ ಬ್ಯಾಟನ್ನು ಅಡ್ಡ ಬೀಸಿ ಹುಕ್ ಮಾಡುತ್ತಾನೆ. 2002ರಲ್ಲಿ ಆಂಟಿಗುವಾದಲ್ಲಿ ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲ್ಲನ್ ಎಸೆದ ಬೌನ್ಸರ್ ನಮ್ಮ ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡೇ ಬಂದು ಅವರು 14 ಓವರ್ ಬೌಲ್ ಮಾಡಿದರು, ಬ್ರಯಾನ್ ಲಾರಾರನ್ನು ಔಟ್ ಮಾಡಿದರು. ಆ ಬಿಳಿ ಪಟ್ಟಿ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಇಲ್ಲಿ ಬೌನ್ಸರ್ ‘ಮುರಿಯಿತು’, ಕುಂಬ್ಳೆ ‘ಮಾಡಿದರು’. ವ್ಯತ್ಯಾಸ ಕಾಣಿಸಿತಾ?

ಮೂರನೆಯ ಅರ್ಥ ಆಡುಮಾತಿನದು. ‘ಇವತ್ತಿನ ಗಣಿತ ಪಾಠ ಪೂರ್ತಿ ಬೌನ್ಸರ್’ ಅಂದರೆ ತಲೆಗೆ ಹತ್ತಲಿಲ್ಲ, ಮೇಲಿಂದಲೇ ಹಾದುಹೋಯಿತು. ಗೆಳೆಯರ ನಡುವೆ ಚೆನ್ನಾಗಿರುತ್ತದೆ, ಅರ್ಜಿ, ವರದಿಗಳಲ್ಲಿ ಬೇಡ. ಚೆಕ್ ಮಾತ್ರ ಬೌನ್ಸ್ ಆಗುತ್ತದೆ, ಬೌನ್ಸರ್ ಆಗುವುದಿಲ್ಲ.

ಕಷ್ಟ ಇರುವುದು ತಲೆಬರಹದಲ್ಲಿ. ಅಲ್ಲಿ ಕ್ರಿಯಾಪದಕ್ಕೆ ಜಾಗವಿರುವುದಿಲ್ಲ. ‘ಬೌನ್ಸರ್‌ನಿಂದ ಯುವಕನಿಗೆ ಗಾಯ’ ಎಂದರೆ ಮೈದಾನದಲ್ಲೋ, ಪಬ್ಬಿನಲ್ಲೋ? ಸುಮ್ನೆ ಓದುಗರನ್ನು ಗೊಂದಲಕ್ಕೆ ನೂಕಬೇಡಿ. ಚೆಂಡಾದರೆ ‘ಬೌನ್ಸರ್ ಬಡಿದು ಯುವಕನಿಗೆ ಗಾಯ’ ಎನ್ನಿ. ಮನುಷ್ಯನಾದರೆ ‘ಪಬ್ ಬೌನ್ಸರ್ ಹಲ್ಲೆ: ಯುವಕನಿಗೆ ಗಾಯ’ ಎಂದು ಬರೆಯಿರಿ. ಹಲ್ಲೆ ಮಾಡಿದ್ದು ಅವನೇ ಎಂದು ಪೊಲೀಸರು ಇನ್ನೂ ಹೇಳಿಲ್ಲದಿದ್ದರೆ ಕೊನೆಗೊಂದು ‘ಆರೋಪ’ ಸೇರಿಸಿ.