ವೃದ್ಧಾಶ್ರಮದಲ್ಲಿ ಹಿರಿಯರಿಗೆ ಹಿಂಸೆ ಆಗ್ತಿದೆ ಅನ್ಸಿದ್ರೆ ಕಂಪ್ಲೇಂಟ್ ಕೊಡೋದು ಹೇಗೆ

ಮೊದಲ್ನೇದಾಗಿ, ಸಿಟ್ಟಲ್ಲಿ ಮ್ಯಾನೇಜರ್ ರೂಮಿಗೆ ನುಗ್ಗಿ ಕೂಗಾಡಬೇಡಿ. ನೀವು ಕೂಗಾಡಿ ಮನೆಗೆ ಬಂದ್ಬಿಡ್ತೀರ, ರಾತ್ರಿ ನಿಮ್ಮಮ್ಮ ಅದೇ ಆಯಾ ಕೈಯಲ್ಲೇ ಇರ್ತಾರೆ, ಬೆಳಗಾಗೋದ್ರೊಳಗೆ ರಿಜಿಸ್ಟರ್ ಕೂಡ ನೀಟಾಗಿ ತುಂಬಿರಬಹುದು. ಆದ್ರೆ ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ, ಲೈಂಗಿಕ ದೌರ್ಜನ್ಯದ ಅನುಮಾನ ಅಂದ್ರೆ ಇದನ್ನ ಓದ್ತಾ ಕೂರಬೇಡಿ, ಆಂಬುಲೆನ್ಸು ಪೊಲೀಸು ಮೊದಲು, ಡಾಕ್ಟರ್ ನೋಡೋ ತನಕ ಸ್ನಾನ ಮಾಡಿಸೋದು ಬಟ್ಟೆ ಬದಲಾಯಿಸೋದು ಬೇಡ.

ಅಷ್ಟು ಅರ್ಜೆಂಟ್ ಇಲ್ಲಾಂದ್ರೆ ಸರಿಯಾಗಿ ನೋಡಿ. ವಯಸ್ಸಾದವರ ಚರ್ಮ ತೆಳು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರಂತೂ ಸುಮ್ನೆ ತಾಗಿದ್ರೂ ನೀಲಿಗಟ್ಟತ್ತೆ, ಹಾಗಾಗಿ ಮುಂಗೈ ಮೇಲಿನ ಕಲೆ ನೋಡಿ ತೀರ್ಮಾನ ಮಾಡಬೇಡಿ. ಕುತ್ತಿಗೆ, ಕಿವಿ, ಬೆನ್ನು, ಎರಡೂ ತೋಳಲ್ಲಿ ಬೆರಳಿನ ಗುರುತು ಇದ್ರೆ ಮಾತ್ರ ಬಿಡಬೇಡಿ. ಹೊಡೆಯೋದೊಂದೇ ಹಿಂಸೆ ಅಲ್ಲ, ಕೈಗೆಟುಕದ ಕಡೆ ಇಟ್ಟ ನೀರಿನ ಲೋಟ, ಮಂಚದ ಹಿಂದೆ ಬಿದ್ದಿರೋ ಬೆಲ್ ಸ್ವಿಚ್ಚು, ಹಿಮ್ಮಡಿ ಸೊಂಟದಲ್ಲಿ ಹಾಸಿಗೆ ಹುಣ್ಣು, ಗಲಾಟೆ ಮಾಡ್ತಾರೆ ಅಂತ ಕೊಟ್ಟ ನಿದ್ದೆ ಮಾತ್ರೆ, ಎಲ್ಲಾ ಲೆಕ್ಕಕ್ಕೆ ಬರತ್ತೆ.

ಆಮೇಲೆ ಬರೆದಿಡಿ. "ಸರಿಯಾಗಿ ನೋಡ್ಕೊಳ್ತಿಲ್ಲ" ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, "ಮಂಗಳವಾರ ಸಂಜೆ 4ಕ್ಕೆ ಹೋದಾಗ ಡೈಪರ್ ಸೋರಿ ಬೆಡ್‌ಶೀಟ್ ಒದ್ದೆ, ಬೆಲ್ ಒತ್ತಿ 50 ನಿಮಿಷ ಯಾರೂ ಬರಲಿಲ್ಲ, ಡ್ಯೂಟಿಲಿದ್ದವರು ಇಂಥವರು" ಅಂತಿದ್ರೆ ಉತ್ತರ ಕೊಡಲೇಬೇಕಾಗತ್ತೆ. ಗಾಯದ ಪಕ್ಕ ಸ್ಕೇಲ್ ಇಟ್ಟು ಅವತ್ತೇ ಫೋಟೋ ತೆಗೀರಿ, ಯಾಕಂದ್ರೆ ಬಣ್ಣ ನೋಡಿ ಎಷ್ಟು ದಿನದ ಗಾಯ ಅಂತ ಡಾಕ್ಟರಿಗೂ ಖಚಿತವಾಗಿ ಹೇಳೋಕಾಗಲ್ಲ.

ಹಿರಿಯರ ಹತ್ರ ಒಬ್ಬರೇ ಇದ್ದಾಗ ಮಾತಾಡಿ. "ಹೊಡೆದ್ರಾ?" ಅಂತ ಬಾಯಿಗೆ ಮಾತು ಹಾಕಬೇಡಿ, "ಇದು ಹೇಗಾಯ್ತಮ್ಮ?" ಅಂತ ಕೇಳಿ ಸುಮ್ನೆ ಕಾಯಿರಿ. ಮರೆವಿನ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರು ಹೇಳೋದೆಲ್ಲ ಸುಳ್ಳಲ್ಲ.

ಈಗ ಕಂಪ್ಲೇಂಟು. ಆಡಳಿತದವರಿಗೆ ಬರವಣಿಗೆಲೇ ಕೊಟ್ಟು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ಅವರ ಉತ್ತರಕ್ಕೆ ಕಾಯದೆ ಅವತ್ತೇ ಆ ಜಾಗಕ್ಕೆ ಲೈಸೆನ್ಸ್ ಕೊಟ್ಟ ಸರ್ಕಾರಿ ಇಲಾಖೆಗೂ, ಹಿರಿಯರ ಸಹಾಯವಾಣಿ ಇದ್ರೆ ಅದಕ್ಕೂ ಹೇಳಿ, ಹೊಡೆತ ಕಳ್ಳತನ ಆದ್ರೆ ಪೊಲೀಸಿಗೂ. ಸಾಕ್ಷಿ ಪೂರ್ತಿ ಸಿಗ್ಲಿ ಅಂತ ಕಾಯೋದು ದೊಡ್ಡ ತಪ್ಪು, ತನಿಖೆ ಅವರ ಕೆಲಸ, ಗಟ್ಟಿ ಅನುಮಾನ ಇದ್ರೆ ಸಾಕು. "ನಮ್ಮಲ್ಲಿ ಹಾಗೆಲ್ಲ ಆಗಲ್ಲ" ಅಂತ ಅಂದೇ ಅಂತಾರೆ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಇಂಥ ಸಂಸ್ಥೆಗಳಲ್ಲಿ 3ರಲ್ಲಿ 2 ಸಿಬ್ಬಂದಿ, ಹಿಂದಿನ 1 ವರ್ಷದಲ್ಲಿ ತಾವು ಯಾವುದೋ ರೀತಿ ದೌರ್ಜನ್ಯ ಮಾಡಿದೀವಿ ಅಂತ ತಾವೇ ಒಪ್ಕೊಂಡಿದಾರೆ.

ಕಂಪ್ಲೇಂಟ್ ನಂಬರ್, ತಗೊಂಡವರ ಹೆಸರು ಬರ್ಕೊಳ್ಳಿ, ಅನುಮಾನ ಇರೋ ಸಿಬ್ಬಂದಿನ ನಿಮ್ಮ ಹಿರಿಯರ ಆರೈಕೆಯಿಂದ ದೂರ ಇಡಿ ಅಂತ ಕಂಪ್ಲೇಂಟಲ್ಲೇ ಕೇಳಿ. ಸೇಡು ತೀರಿಸ್ಕೊಳ್ತಾರೆ ಅನ್ನೋ ಭಯ ಸುಳ್ಳಲ್ಲ, ಅದಕ್ಕೇ ಮುಂದಿನ ವಾರಗಳಲ್ಲಿ ಹೇಳದೆ ಕೇಳದೆ ಬೇರೆ ಬೇರೆ ಹೊತ್ತಲ್ಲಿ ಹೋಗಿ, ರಾತ್ರಿ ಶಿಫ್ಟ್ ಶುರುವಾಗೋ ಹೊತ್ತಲ್ಲೂ ಒಂದ್ಸಲ, ಹೊಸದಾಗಿ ಏನೇ ಕಂಡ್ರೂ ಅದೇ ನಂಬರ್ ಹಾಕಿ ಮತ್ತೆ ಬರೆದು ಕಳಿಸಿ.